ಕಡಮೆ ಪ್ರೀಮಿಯಂ ಎಂಬ ದುಬಾರಿ ಲೆಕ್ಕ

ಮಾಷ್ಟ್ರಿಗೂ ಕಾರಿನ ಇನ್ಶೂರೆನ್ಸಿಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ನಾನು ಓದಿದ್ದು ಬಿ.ಎ., ಕಾನೂನಲ್ಲ. ಆದರೆ ಕಳೆದ ತಿಂಗಳು ನಮ್ಮ ಶಾಲೆಯ ಪಿ.ಟಿ.ಎ. ಸಭೆಯಲ್ಲಿ ಎದ್ದ ಒಂದು ಮಾತು ನನ್ನನ್ನು ಈ ಲೆಕ್ಕಕ್ಕೆ ಕೂರಿಸಿತು.

ನಮ್ಮದು ಕಾಸರಗೋಡು ಜಿಲ್ಲೆಯ ಒಳನಾಡಿನ ಸರಕಾರಿ ಶಾಲೆ. ಕನ್ನಡ ವಿಭಾಗದ ಹನ್ನೊಂದು ಮಕ್ಕಳು ಗುಡ್ಡದ ಆಚೆಯಿಂದ ಬರುತ್ತಾರೆ. ಬಸ್ಸಿನ ಸಮಯ ನಂಬುವ ಹಾಗಿಲ್ಲ. ಪೋಷಕರೊಬ್ಬರು ತಮ್ಮ ಓಮ್ನಿಯಲ್ಲಿ ಎರಡು ಟ್ರಿಪ್ಪಿನಲ್ಲಿ ಅವರನ್ನು ಕರೆತರುತ್ತಾರೆ. ಮನೆಗಿಷ್ಟು ಎಂದು ತಿಂಗಳಿಗೆ ಹಣ. ಈ ಗಾಡಿ ನಿಂತರೆ ಆ ಹನ್ನೊಂದು ಮಕ್ಕಳು ಮನೆ ಬಾಗಿಲಿಗೇ ಬರುವ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತುತ್ತಾರೆ. ಜೂನ್ ತಿಂಗಳ ಆರನೇ ಕೆಲಸದ ದಿನದ ಎಣಿಕೆಯಲ್ಲಿ ಹನ್ನೊಂದು ಮಕ್ಕಳು ಕಡಮೆಯಾದರೆ ಕನ್ನಡ ವಿಭಾಗದ ಗತಿ ಏನೆಂದು ಈ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ಓಮ್ನಿಯ ಇನ್ಶೂರೆನ್ಸ್ ಮುಗಿಯುವುದಿತ್ತು. ಏಜೆಂಟರು ಎರಡು ಚೀಟಿ ಕೊಟ್ಟಿದ್ದರು. ಒಂದು ಖಾಸಗಿ ಕಾರಿನ ಲೆಕ್ಕ, ಇನ್ನೊಂದು ಬಾಡಿಗೆ ಗಾಡಿಯಾಗಿ ಮಾಡಿದರೆ ಬರುವ ಲೆಕ್ಕ. ಎರಡರ ನಡುವೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಅಂತರ. "ಎಂತ ಮಾಷ್ಟ್ರೇ, ಗಾಡಿ ಅದೇ, ರಸ್ತೆ ಅದೇ, ಓಡಿಸುವವರೂ ಅವರೇ. ಸುಮ್ಮನೆ ಯಾಕೆ ಅಷ್ಟು ಹೆಚ್ಚು ಕೊಡುವುದು? ಕಡಮೆದ್ದೇ ಮಾಡಿಸುವ" ಎಂದರು ಒಬ್ಬರು. ಹೆಚ್ಚಿನವರು ತಲೆಯಾಡಿಸಿದರು. ಆ ದಿನ ನಾನು ಸಭೆಯಲ್ಲಿ ಏನೂ ಹೇಳಲಿಲ್ಲ. ಹೇಳದೆ ಕೂತದ್ದಕ್ಕೆ ಕಾರಣ ಉಂಟು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪ್ರೀಮಿಯಂ ಎಂಬುದು ಹೇಗೆ ಹುಟ್ಟುತ್ತದೆ ಎಂದು ನೋಡೋಣ.

ಪಾಲಿಸಿ ಕಾಗದದಲ್ಲಿ ನಮಗೆ ಕಾಣುವುದು ಕೊನೆಯ ಸಾಲಿನ ಒಂದು ಮೊತ್ತ. ಆದರೆ ಅದರೊಳಗೆ ಎರಡು ಬೇರೆ ಬೇರೆ ಗಂಟುಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ, ಅವರಿಗೆ ಸಿಗಬೇಕಾದ ಪರಿಹಾರದ ಗಂಟು ಇದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದಿಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತೆಯೇ ಇಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ ಎರಡು ಸಾವಿರ, ಮತ್ತೊಮ್ಮೆ ಸಿಕ್ಕಿಬಿದ್ದರೆ ನಾಲ್ಕು ಸಾವಿರ ರೂಪಾಯಿ ದಂಡ; ಜೈಲಿಗೂ ಅವಕಾಶ ಉಂಟು. ಎರಡನೆಯ ಗಂಟು ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಗೆ ಆಗುವ ನಷ್ಟ. ಇದು ಕಡ್ಡಾಯವಲ್ಲ. ಎರಡೂ ಸೇರಿದ್ದನ್ನು ನಾವು ಫುಲ್ ಇನ್ಶೂರೆನ್ಸ್ ಎನ್ನುತ್ತೇವೆ.

ಥರ್ಡ್ ಪಾರ್ಟಿಯ ದರವನ್ನು ಕಂಪನಿ ನಿರ್ಧರಿಸುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಕೇಂದ್ರ ಸರಕಾರ ನಿರ್ಧರಿಸುತ್ತದೆ. ಖಾಸಗಿ ಕಾರಿಗೆ ಇಲ್ಲಿ ನೋಡುವುದು ಇಂಜಿನಿನ ಗಾತ್ರವನ್ನು ಮಾತ್ರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿ.ಸಿ.ವರೆಗೆ 3,416, ಅದಕ್ಕೂ ಮೇಲಾದರೆ 7,897. ವಿದ್ಯುತ್ ಕಾರುಗಳಿಗೆ ಶೇಕಡಾ 15 ರಿಯಾಯಿತಿ. ಈ ಬರಹದಲ್ಲಿ ನಾನು ಲೆಕ್ಕಕ್ಕೆ ಹಿಡಿದಿರುವುದು ಈ ಪಟ್ಟಿಯನ್ನೇ. ಮುಂದೆ ಸರಕಾರ ದರ ಬದಲಿಸಿದರೆ ಅಂಕಿ ಬದಲಾದೀತು, ಲೆಕ್ಕದ ದಾರಿ ಬದಲಾಗದು. ಹಾಗಾಗಿ "ನಮ್ಮ ಕಂಪನಿಯಲ್ಲಿ ಥರ್ಡ್ ಪಾರ್ಟಿ ಕಡಮೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಎಲ್ಲ ಕಡೆಯೂ ಒಂದೇ.

ಇಲ್ಲಿ ನಮ್ಮ ಗಡಿನಾಡಿನ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ರಿಜಿಸ್ಟ್ರಿ ಮಾಡಿಸಿದರೆ ಇನ್ಶೂರೆನ್ಸ್ ಅಗ್ಗ, ಕಾಸರಗೋಡಿನಲ್ಲಾದರೆ ದುಬಾರಿ ಎಂದು ಅನೇಕರು ನಂಬಿದ್ದಾರೆ. ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದು ರಸ್ತೆ ತೆರಿಗೆ. ಥರ್ಡ್ ಪಾರ್ಟಿ ದರ ದೇಶಕ್ಕೆಲ್ಲ ಒಂದೇ. ಓನ್ ಡ್ಯಾಮೇಜಿಗೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಬೆಂಗಳೂರು, ಚೆನ್ನೈ, ಮುಂಬಯಿ, ದೆಹಲಿ, ಕೋಲ್ಕತ, ಹೈದರಾಬಾದ್, ಪುಣೆ, ಅಹಮದಾಬಾದ್ ಈ ಎಂಟು ನಗರಗಳಲ್ಲಿ ರಿಜಿಸ್ಟ್ರಿಯಾದ ಕಾರುಗಳು 'ಎ' ವಲಯ, ಉಳಿದ ಊರಿನವೆಲ್ಲ 'ಬಿ' ವಲಯ. ಕೆ.ಎಲ್. 14 ಇರಲಿ, ಕೆ.ಎ. 19 ಇರಲಿ, ಎರಡೂ 'ಬಿ'ಯೇ. 'ಎ' ವಲಯದವರು ಹೆಚ್ಚು ಕೊಡುವುದಾದರೂ ಎಷ್ಟು? ಹಳೆಯ ದರಪಟ್ಟಿಯಲ್ಲಿ ಐದು ವರ್ಷದೊಳಗಿನ ಸಣ್ಣ ಕಾರಿಗೆ ಗಾಡಿಯ ಬೆಲೆಯ ಮೇಲೆ 'ಬಿ' ವಲಯದಲ್ಲಿ ಶೇಕಡಾ 3.039, 'ಎ' ವಲಯದಲ್ಲಿ 3.127 ಇತ್ತು. ಮೂರು ಲಕ್ಷದ ಕಾರಿಗೆ ವ್ಯತ್ಯಾಸ 264 ರೂಪಾಯಿ. ಇಷ್ಟಕ್ಕಾಗಿ ಯಾರದೋ ವಿಳಾಸ ಹಿಡಿದು ಗಡಿ ದಾಟಬೇಕಾಗಿಲ್ಲ.

ಇನ್ನು ಓನ್ ಡ್ಯಾಮೇಜ್. ಚೌಕಾಸಿ ಇರುವುದು ಇಲ್ಲಿ. ಮೋಸ ಹೋಗುವುದೂ ಇಲ್ಲಿಯೇ. 2007ರ ಜನವರಿಯಿಂದ ಈ ದರವನ್ನು ಕಂಪನಿಗಳೇ ನಿರ್ಧರಿಸುತ್ತವೆ. ಗಾಡಿ ಯಾವುದು, ಎಷ್ಟು ವರ್ಷದ್ದು, ಇಂಜಿನ್ ಎಷ್ಟು, ವಲಯ ಯಾವುದು ಎಂದು ನೋಡಿ ಒಂದು ಶೇಕಡಾವಾರು ಹಾಕುತ್ತಾರೆ. ಯಾವ ಮೊತ್ತದ ಮೇಲೆ ಹಾಕುತ್ತಾರೋ ಅದಕ್ಕೆ ಐ.ಡಿ.ವಿ. ಎಂದು ಹೆಸರು. ಸರಳವಾಗಿ ಹೇಳುವುದಾದರೆ, ಗಾಡಿ ಕಳವಾದರೆ ಅಥವಾ ರಿಪೇರಿಯೇ ಆಗದಷ್ಟು ಜಖಂ ಆದರೆ ಕಂಪನಿ ನಮಗೆ ಕೊಡುವ ಹಣದ ಮೇಲ್ಮಿತಿ ಅದು. ಹೊಸ ಕಾರಿನ ಬೆಲೆಯಿಂದ ಮೊದಲ ಆರು ತಿಂಗಳೊಳಗೆ ಶೇಕಡಾ 5, ಒಂದು ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಎಂದು ಕಳೆಯುತ್ತಾ ಹೋಗುತ್ತಾರೆ. ಆಮೇಲೆ ಕಂಪನಿಯೂ ನಾವೂ ಒಪ್ಪಿದ ಬೆಲೆ.

ಒಂದು ಲೆಕ್ಕ ಮಾಡೋಣ. ಏಳನೇ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ಕಾರಿನ ಐ.ಡಿ.ವಿ. 3,00,000, ಕಂಪನಿ ಹಾಕಿದ ದರ ಶೇಕಡಾ 2 ಎಂದು ಇಟ್ಟುಕೊಳ್ಳಿ. ಓನ್ ಡ್ಯಾಮೇಜ್ 6,000 ರೂಪಾಯಿ. ಮೂರು ವರ್ಷ ಕ್ಲೇಮ್ ಮಾಡದ್ದಕ್ಕೆ ಶೇಕಡಾ 35 ಬೋನಸ್, ಅಂದರೆ 2,100 ಕಳೆದು 3,900. ಥರ್ಡ್ ಪಾರ್ಟಿ 2,094 ಸೇರಿದರೆ 5,994. ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಸೇರಿ ಸುಮಾರು 7,073. ಮಾಲೀಕ ತಾನೇ ಓಡಿಸುವಾಗ ಆಗುವ ಅಪಘಾತಕ್ಕೆ 15 ಲಕ್ಷದ ಕಡ್ಡಾಯ ವಿಮೆ ಬೇರೆ. ಬೇರೆಲ್ಲಿಯಾದರೂ ಅಷ್ಟೇ ಮೊತ್ತದ ಅಪಘಾತ ವಿಮೆ ಇದ್ದರೆ ಅದನ್ನು ಬಿಡಬಹುದು.

"ಪಕ್ಕದ ಮನೆಯವರಿಗೆ ಆರು ಸಾವಿರದಲ್ಲಿ ಆಯ್ತಲ್ಲ" ಎಂದು ನೀವು ಏಜೆಂಟರಿಗೆ ಹೇಳುತ್ತೀರಿ. ಅವರು ಕಂಪ್ಯೂಟರಿನಲ್ಲಿ ಐ.ಡಿ.ವಿ.ಯನ್ನು 3,00,000ದಿಂದ 2,40,000ಕ್ಕೆ ಇಳಿಸುತ್ತಾರೆ. ಪ್ರೀಮಿಯಂ ಜಿ.ಎಸ್.ಟಿ. ಸೇರಿ 920 ರೂಪಾಯಿ ಇಳಿಯುತ್ತದೆ. ನಿಮಗೆ ಸಂತೋಷ, ಅವರಿಗೂ ಸಂತೋಷ. ಆದರೆ ಕಾರು ಕಳವಾದ ದಿನ ಅರುವತ್ತು ಸಾವಿರ ಕಡಮೆ ಬರುತ್ತದೆ. 920 ಉಳಿಸಿ 60,000 ಬಿಟ್ಟುಕೊಟ್ಟ ಈ ವ್ಯಾಪಾರವನ್ನು ನಮ್ಮಲ್ಲಿ ಉಳಿತಾಯ ಎಂದು ಕರೆಯುತ್ತಾರೆ!

ಪ್ರೀಮಿಯಂ ಇಳಿಸುವ ಸತ್ಯವಾದ ದಾರಿಗಳಿಲ್ಲವೇ? ಉಂಟು. ದೊಡ್ಡದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇಕಡಾ 20, ಎರಡು ವರ್ಷಕ್ಕೆ 25, ಮತ್ತೆ 35, 45, ಐದು ವರ್ಷಕ್ಕೆ 50. ಇದು ಓನ್ ಡ್ಯಾಮೇಜಿನ ಮೇಲೆ ಮಾತ್ರ, ಒಟ್ಟು ಮೊತ್ತದ ಮೇಲಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ಸೆಲ್ಲ ಹೋಯಿತು. ಒಮ್ಮೆ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಆರಂಭ. ಆದ್ದರಿಂದ ಸಣ್ಣಪುಟ್ಟ ಗೀರಿಗೆ ಕ್ಲೇಮ್ ಮಾಡುವ ಮೊದಲು ಕಾಗದ ಪೆನ್ಸಿಲ್ ಹಿಡಿಯಿರಿ. ಬಂಪರಿನ ರಿಪೇರಿ 3,500 ರೂಪಾಯಿ ಎಂದಾದರೆ, ಸಣ್ಣ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಒಂದು ಸಾವಿರ ಅದರಲ್ಲಿ ಮೊದಲೇ ಕಳೆಯುತ್ತದೆ. ಪ್ಲಾಸ್ಟಿಕ್ ಭಾಗವಾದರೆ ಸಾಮಾನ್ಯ ಪಾಲಿಸಿಯಲ್ಲಿ ಅದರ ಅರ್ಧ ಬೆಲೆ ಸವಕಳಿಗೆ ಹೋಗುತ್ತದೆ. ಆದರೆ ಶೇಕಡಾ 50 ಬೋನಸ್ ಇದ್ದವರು ಅದನ್ನು ಕಳಕೊಂಡರೆ, ಮೇಲಿನ ಲೆಕ್ಕದಲ್ಲಿ, ಮುಂದಿನ ಒಂದೇ ವರ್ಷದಲ್ಲಿ 3,540 ರೂಪಾಯಿ ಹೆಚ್ಚು ಕೊಡಬೇಕು. ಇನ್ನೊಂದು ದಾರಿ, ಸಣ್ಣ ನಷ್ಟದ ಮೊದಲ ಇಷ್ಟು ಸಾವಿರ ನಾನೇ ಭರಿಸುತ್ತೇನೆ ಎಂದು ಒಪ್ಪಿ ರಿಯಾಯಿತಿ ಪಡೆಯುವುದು. ಕೈಯಲ್ಲಿ ಅಷ್ಟು ಹಣ ಇರುವವರಿಗೆ ಇದು ಸರಿ, ತಿಂಗಳ ಕೊನೆಗೆ ಸಾಲ ಮಾಡುವವರಿಗಲ್ಲ.

ಈಗ ನಾನು ಸಭೆಯಲ್ಲಿ ಮಾತಾಡದೆ ಕೂತದ್ದೇಕೆ ಎಂದು ಹೇಳುತ್ತೇನೆ. 2016ರಲ್ಲಿ ನಾನೊಂದು ಹಳೆಯ ಆಲ್ಟೋ ಕಾರು ಕೊಂಡೆ. ಕಾರಿನ ಹಿಂದಿನ ಮಾಲೀಕರಿಗೆ ಶೇಕಡಾ 45 ಬೋನಸ್ ಇತ್ತು. ಬೋನಸ್ ಎನ್ನುವುದು ಮನುಷ್ಯನದ್ದು, ಗಾಡಿಯದ್ದಲ್ಲ. ಕಾರು ಮಾರಿದವರು ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯಬಹುದು, ಕೊಂಡ ನನಗೆ ಸೊನ್ನೆ. ಇದು ನನಗೆ ಗೊತ್ತಿರಲಿಲ್ಲವೇ? ಪೂರ್ತಿ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. "ಅದನ್ನೂ ಹಾಕಿಬಿಡುವ ಮಾಷ್ಟ್ರೇ, ಯಾರು ನೋಡುತ್ತಾರೆ?" ಎಂದರು ಏಜೆಂಟರು. ಎರಡು ಸಾವಿರದ ನಾನೂರು ರೂಪಾಯಿ ಉಳಿಯುತ್ತದೆ ಎಂದಾಗ ನಾನು ಸುಮ್ಮನಾದೆ. 'ಹಿಂದಿನ ಅವಧಿಯಲ್ಲಿ ನಾನು ಕ್ಲೇಮ್ ಮಾಡಿಲ್ಲ' ಎಂಬ ಘೋಷಣೆಯ ಕೆಳಗೆ ನನ್ನ ಸಹಿ ಬಿತ್ತು. ಇಂಗ್ಲಿಷಿನ ಸಣ್ಣ ಅಕ್ಷರ, ಓದಲಿಲ್ಲ.

ಮುಂದಿನ ಮಳೆಗಾಲದಲ್ಲಿ ಇಳಿಜಾರಿನ ತಿರುವಿನಲ್ಲಿ ಕಾರು ಜಾರಿ ಮುರಕಲ್ಲಿನ ಗೋಡೆಗೆ ಬಡಿಯಿತು. ನನಗೇನೂ ಆಗಲಿಲ್ಲ. ಬಾನೆಟ್, ರೇಡಿಯೇಟರ್, ದೀಪ ಎಲ್ಲ ಸೇರಿ 38,000 ರೂಪಾಯಿ ಬಿಲ್ಲು. ಕ್ಲೇಮ್ ಹಾಕಿದಾಗ ಕಂಪನಿಯವರು ಹಳೆಯ ದಾಖಲೆ ತೆಗೆದು ನೋಡಿದರು. ಸುಳ್ಳು ಘೋಷಣೆ ಮಾಡಿದ್ದೀರಿ, ಕ್ಲೇಮ್ ಕೊಡಲಾಗದು ಎಂದು ಕಾಗದ ಬಂತು. ಏಜೆಂಟರು ಫೋನು ತೆಗೆಯುವುದನ್ನೇ ಬಿಟ್ಟರು. ಸೊಸೈಟಿಯಿಂದ ಸಾಲ ತೆಗೆದು ಕಾರು ಬಿಡಿಸಿಕೊಂಡೆ. ಮಕ್ಕಳ ಹೋಂವರ್ಕಿನಲ್ಲಿ ಬೇರೆಯವರ ಅಕ್ಷರ ಕಂಡರೆ ಕಿವಿ ಹಿಂಡುವ ಮಾಷ್ಟ್ರು ಬೇರೆಯವರ ಬೋನಸ್ಸನ್ನು ತನ್ನದೆಂದು ಬರೆದಿದ್ದ. ಇದನ್ನು ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ.

ಮತ್ತೆ ಓಮ್ನಿಗೆ ಬರೋಣ. ಪ್ರೀಮಿಯಮ್ಮನ್ನು ತುಂಬಾ ಏರಿಸುವ, ಆದರೆ ನಾವು ಬೇಕೆಂದೇ ಮರೆಯುವ ಒಂದು ಪ್ರಶ್ನೆ, ಗಾಡಿ ಯಾವ ಕೆಲಸಕ್ಕೆ ಎನ್ನುವುದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸುವಂತಿಲ್ಲ ಎಂದು. ತಿಂಗಳಿಗಿಷ್ಟು ಎಂದು ಹಣ ತಕ್ಕೊಂಡು ಮಕ್ಕಳನ್ನು ತರುವುದು ಬಾಡಿಗೆಯೇ. ಕನ್ನಡ ಶಾಲೆ ಉಳಿಯಲಿ ಎಂಬ ಒಳ್ಳೆಯ ಉದ್ದೇಶ ಆ ಸಾಲನ್ನು ಅಳಿಸುವುದಿಲ್ಲ. ಅವಘಡವಾದರೆ ಕಂಪನಿ ಆ ಸಾಲನ್ನು ಕೋರ್ಟಿನ ಮುಂದೆ ಇಡುತ್ತದೆ. ಪೆಟ್ಟಾದವರಿಗೆ ಮೊದಲು ಕಂಪನಿಯೇ ಕೊಡಲಿ ಎಂದು ಆದೇಶವಾದರೂ, ಆ ಹಣವನ್ನು ಮಾಲೀಕನಿಂದ ವಸೂಲು ಮಾಡಲು ಅವಕಾಶ ಕೊಡಬಹುದು. ನಮ್ಮ ಓಮ್ನಿಯವರಿಗೆ ಇರುವುದು ಅರ್ಧ ಎಕ್ರೆ ಅಡಿಕೆ ತೋಟ ಮತ್ತು ಒಂದು ಮನೆ.

ಖರ್ಚು ಉಳಿಸಲು ಥರ್ಡ್ ಪಾರ್ಟಿ ಮಾತ್ರ ಮಾಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಕಾಯ್ದೆಗೆ ಬೇಕಾದಷ್ಟೇ ಇರುವ ಅಂಥ ಪಾಲಿಸಿ ಬೈಕಿನ ಹಿಂದೆ ಕೂತವರಿಗೆ ತಾನಾಗಿ ರಕ್ಷಣೆ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೂ 2008ರಲ್ಲೂ ಹೇಳಿದೆ. ಫುಲ್ ಪಾಲಿಸಿಯಾದರೆ ಕಾರಿನೊಳಗೆ ಕೂತವರೂ ಬೈಕಿನ ಹಿಂದೆ ಕೂತವರೂ ಅದರಲ್ಲಿ ಸೇರುತ್ತಾರೆ ಎಂದು ವಿಮಾ ಪ್ರಾಧಿಕಾರ 2009ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಅತಿ ಕಡಮೆಯ ಪಾಲಿಸಿ ಮಾಡಿಸುವ ಮೊದಲು ಇದನ್ನು ನೆನಪಿಡಿ. ಕಾಸಿಗೆ ತಕ್ಕ ಕಜ್ಜಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹಾಗಾದರೆ ಆ ಹತ್ತು ಸಾವಿರದ ಅಂತರ ನಿಜಕ್ಕೂ ಎಷ್ಟು ದೊಡ್ಡದು? ಅದೇ 2022ರ ಪಟ್ಟಿಯಲ್ಲಿ, ಆರು ಪ್ರಯಾಣಿಕರವರೆಗಿನ 1000 ಸಿ.ಸಿ. ಒಳಗಿನ ಬಾಡಿಗೆ ಗಾಡಿಗೆ ಥರ್ಡ್ ಪಾರ್ಟಿ 6,040 ರೂಪಾಯಿ, ಜೊತೆಗೆ ಪ್ರಯಾಣಿಕನೊಬ್ಬನಿಗೆ 1,162ರಂತೆ. ಆರು ಮಂದಿಗೆ ಒಟ್ಟು 13,012. ಖಾಸಗಿ ಲೆಕ್ಕದ 2,094 ಕಳೆದರೆ 10,918, ಜಿ.ಎಸ್.ಟಿ. ಸೇರಿ ಸುಮಾರು 12,883. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,074. ಹನ್ನೊಂದು ಮಕ್ಕಳಿಗೆ ಹಂಚಿದರೆ ಮಗುವಿಗೆ ತಿಂಗಳಿಗೆ ನೂರು ರೂಪಾಯಿಗೂ ಕಡಮೆ. ಹಳದಿ ಬೋರ್ಡು, ಪರ್ಮಿಟ್, ಫಿಟ್‌ನೆಸ್, ತೆರಿಗೆ ಎಂದು ಬೇರೆ ಖರ್ಚೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಸಭೆಯಲ್ಲಿ ಗುಡ್ಡದ ಹಾಗೆ ಕಂಡ ಅಂತರ ಭಾಗಿಸಿದಾಗ ಹೊರಲಾಗದಷ್ಟು ಭಾರವಿರಲಿಲ್ಲ. ಶಾಲೆಯ ಹೆಸರಿನಲ್ಲೇ ಬಸ್ಸು ಇರುವ ಕಡೆ ಥರ್ಡ್ ಪಾರ್ಟಿ ದರದಲ್ಲಿ ಶೇಕಡಾ 15 ರಿಯಾಯಿತಿಯನ್ನೂ ಸರಕಾರ ಕೊಟ್ಟಿದೆ.

ಈ ದರಪದ್ಧತಿಯ ಬಗ್ಗೆ ನನಗೆ ದೂರು ಇಲ್ಲವೆಂದಲ್ಲ. ಚಾಲಕ ಎಷ್ಟು ಜಾಗ್ರತೆಯವನು ಎಂಬುದು ನಮ್ಮಲ್ಲಿ ಪ್ರೀಮಿಯಮ್ಮಿಗೆ ಹೆಚ್ಚು ತಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಹೊಸ ಲೈಸೆನ್ಸಿನ ಹದಿಹರೆಯದವರಿಗೆ ಇನ್ಶೂರೆನ್ಸ್ ತುಂಬಾ ದುಬಾರಿ. ವರ್ಷಗಟ್ಟಲೆ ಅಪಘಾತವಿಲ್ಲದೆ ಓಡಿಸಿದವರಿಗೆ ಇಳಿಯುತ್ತದೆ. ಇಲ್ಲಿ ಹೆದ್ದಾರಿಯಲ್ಲಿ ಹಾರಿಸಿಕೊಂಡು ಹೋಗುವವನಿಗೂ ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವ ನಿವೃತ್ತ ಟೀಚರಿಗೂ ಥರ್ಡ್ ಪಾರ್ಟಿ ಒಂದೇ. ಸಂಚಾರ ನಿಯಮ ಮುರಿದವರಿಂದ ಹೆಚ್ಚು ಪ್ರೀಮಿಯಂ ತೆಗೆದುಕೊಳ್ಳಬೇಕೆಂದು ವಿಮಾ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ ಶಿಫಾರಸು ಮಾಡಿತ್ತು. 2022ರ ಜುಲೈಯಲ್ಲಿ, ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂದು ನೋಡಿ ಓನ್ ಡ್ಯಾಮೇಜ್ ದರ ಹಾಕಲು ಕಂಪನಿಗಳಿಗೆ ಅನುಮತಿ ಸಿಕ್ಕಿತು. ನನ್ನ ಮತ ಇದರ ಪರ. ಮಕ್ಕಳಿಗೆ ಅವರವರ ಉತ್ತರಕ್ಕೆ ಅಂಕ ಕೊಡುವ ನಾವು ಚಾಲಕರಿಗೆಲ್ಲ ಒಂದೇ ಅಂಕ ಕೊಡುವುದನ್ನು ಹೇಗೆ ಒಪ್ಪುವುದು?

ಆದರೆ ಪದ್ಧತಿಯಲ್ಲಿ ದೋಷವಿದೆ ಎಂಬುದು ನಾವು ಸುಳ್ಳು ಬರೆಯಲು ನೆಪವಾಗಬಾರದು. ಪ್ರೀಮಿಯಂ ನಿಂತಿರುವುದು ನಾವು ಕೊಡುವ ಉತ್ತರಗಳ ಮೇಲೆ. ಗಾಡಿಯ ಬೆಲೆ ಎಷ್ಟು, ಬೋನಸ್ ಯಾರದ್ದು, ಬಾಡಿಗೆಗೆ ಓಡುತ್ತದೋ ಇಲ್ಲವೋ. ಸುಳ್ಳು ಉತ್ತರಕ್ಕೆ ಸಿಗುವ ರಿಯಾಯಿತಿ ರಿಯಾಯಿತಿಯಲ್ಲ, ಸಾಲ. ಅದರ ವಸೂಲಿ ಆಗುವುದು ಆಸ್ಪತ್ರೆಯ ವರಾಂಡದಲ್ಲಿ.

ಎರಡನೇ ಸಭೆಯಲ್ಲಿ ನಾನು ಕರಿಹಲಗೆಯ ಮೇಲೆ ಈ ಲೆಕ್ಕ ಬರೆದೆ. ನನ್ನ ಆಲ್ಟೋ ಕತೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಕಡಮೆದ್ದೇ ಸಾಕು ಎಂದವರೇ, "ತಿಂಗಳಿಗೆ ನೂರು ಅಲ್ಲವಾ, ನಾನು ಕೊಡುತ್ತೇನೆ. ಕೊಡಲಿಕ್ಕೆ ಆಗದವರದ್ದು ನಾವು ನಾಲ್ಕು ಮಂದಿ ಸೇರಿ ನೋಡುವ" ಎಂದರು. ಓಮ್ನಿಯವರು ಗಾಡಿಯನ್ನು ಬಾಡಿಗೆ ಗಾಡಿಯಾಗಿ ಬದಲಿಸಲು ಅರ್ಜಿ ಹಾಕಿದ್ದಾರೆ. ಅಲ್ಲಿಯವರೆಗೆ ಮಕ್ಕಳನ್ನು ತರಲು ಒಂದು ಟ್ಯಾಕ್ಸಿ ಜೀಪು ಗೊತ್ತು ಮಾಡಿದ್ದೇವೆ. ಎರಡು ಮನೆಯವರಿಗೆ ಇನ್ನೂ ಅಸಮಾಧಾನ ಉಂಟು. ಅವರ ಮಕ್ಕಳು ಜೂನಿನಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಇರುತ್ತಾರೋ ಇಲ್ಲವೋ ನೋಡಬೇಕು.

ನಿಮ್ಮ ಶಾಲೆಗೂ ಹೀಗೊಂದು ಗಾಡಿ ಬರುತ್ತಿರಬಹುದು. ನಾಳೆ ಬೆಳಿಗ್ಗೆ ಅದು ಗೇಟಿನ ಹತ್ತಿರ ನಿಂತಾಗ, ಚಾಲಕರೊಡನೆ ಜಗಳ ಬೇಡ, ಪ್ರೀತಿಯಿಂದಲೇ ಪಾಲಿಸಿ ಕಾಗದ ಕೇಳಿ. ಅದರಲ್ಲಿ ಗಾಡಿಯ ಬಳಕೆಯ ಬಗ್ಗೆ ಏನು ಬರೆದಿದೆ ಎಂದು ಓದಿ. ಇಂಗ್ಲಿಷ್ ಅರ್ಥವಾಗದಿದ್ದರೆ ಶಾಲೆಯ ಇಂಗ್ಲಿಷ್ ಟೀಚರಿಗೆ ತೋರಿಸಿ. ನಾನು ಅಂದು ಓದದೆ ಸಹಿ ಹಾಕಿದ ಹಾಗೆ ನೀವು ಹಾಕಬೇಡಿ.